ಒಂದು ಗಟಾರ, ಮೂರು ಮಳೆಗಾಲ

ಗೋವಾದಲ್ಲಿ ಪಂಚಾಯತಿ ಸದಸ್ಯರಿಗೆ ಪಂಚ್ ಅಂತಾರೆ. 2022ರ ಆಗಸ್ಟ್ 10ರಂದು ನಡೆದ ಚುನಾವಣೆಯಲ್ಲಿ ಗೆದ್ದು ನಾನೂ ಪಂಚ್ ಆದೆ. ನಮ್ಮದು ಮುರಗಾಂವ್ ತಾಲೂಕು. ವಾರ್ಡಿನಲ್ಲಿ ಹೆಚ್ಚುಕಡಿಮೆ ಅರ್ಧ ಮನೆಗಳು ಬಾಗಲಕೋಟೆ, ಗದಗ, ವಿಜಯಪುರ ಕಡೆಯವು. ಅಪ್ಪ ಗೌಂಡಿ ಕೆಲಸಕ್ಕೆ ಬಂದು ಇಲ್ಲೇ ಉಳಿದವರು. ಇಲ್ಲಿ ಪಂಚಾಯತಿ ಚುನಾವಣೆಗೆ ಪಕ್ಷದ ಚಿಹ್ನೆ ಇರುವುದಿಲ್ಲ. ಹಾಗಾಗಿ ಮನೆ ಮನೆ ತಿರುಗಿದ್ದೇ ಪ್ರಚಾರ. ಎಲ್ಲರಿಗೂ ಒಂದೇ ಮಾತು ಹೇಳಿದ್ದೆ: ಓಣಿ ರಸ್ತೆಗೆ ಪೇವರ್ ಕಲ್ಲು ಹಾಕಿಸ್ತೀನಿ.

ಗೆದ್ದ ಮೇಲೆ ಒಂದು ಹುಚ್ಚು ಕೆಲಸ ಮಾಡಿದೆ. ನಲ್ಲಿ ಹತ್ತಿರ ನಾಲ್ಕು ಡಬ್ಬಿ ಇಟ್ಟೆ. ರಸ್ತೆ, ಲೈಟು, ಗಟಾರ, ಪಂಚಾಯತಿ ಕೊಡುವ ಮನೆ ನಂಬರು. ನೀರಿಗೆ ಬಂದ ಹೆಂಗಸರ ಕೈಗೆ ಒಂದೊಂದು ಹುಣಸೆ ಬೀಜ ಕೊಟ್ಟು, ಯಾವುದು ಮೊದಲು ಬೇಕೋ ಅದರಲ್ಲಿ ಹಾಕಿ ಅಂದೆ. ಸಂಜೆ ನೋಡಿದರೆ ರಸ್ತೆ ಡಬ್ಬಿಯಲ್ಲಿ ಬೆರಳೆಣಿಕೆ ಬೀಜ. ಮನೆ ನಂಬರಿನದು ತುಂಬಿತ್ತು. ಅದರ ಹಿಂದೆಯೇ ಗಟಾರ. ನಾನು ಓಟು ಕೇಳಿದ ಪೇವರ್ ಯಾರಿಗೂ ಬೇಕಿರಲಿಲ್ಲ!

ಮನೆ ನಂಬರಿನ ವಿಷಯ ಮೊದಲೇ ಹೇಳಿಬಿಡ್ತೀನಿ, ಯಾಕೆಂದರೆ ಅದರಲ್ಲಿ ನಾನು ಸೋತೆ. ನಮ್ಮಲ್ಲಿ ಸುಮಾರು ಮನೆಗಳು ಕೊಮುನಿದಾದ್ ಜಾಗದಲ್ಲಿವೆ. ಅದು ಊರಿನ ಹಳೆ ಸಮುದಾಯದ ಜಮೀನು, ಪೋರ್ಚುಗೀಸರಿಗಿಂತ ಹಿಂದಿನ ಪದ್ಧತಿ. ಅದರ ಮೇಲೆ ಪಂಚಾಯತಿಯ ಕೈ ನಡೆಯುವುದಿಲ್ಲ. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಆರು ತಿಂಗಳು ಬೇಕಾಯಿತು. ಜನರಿಗೆ ಅರ್ಥ ಮಾಡಿಸುವುದು ಇನ್ನೂ ಮುಗಿದಿಲ್ಲ.

ಹಾಗಾಗಿ ಗಟಾರ ಹಿಡಿದೆ. 2023ರ ಜುಲೈನಲ್ಲಿ ಓಣಿಯ ಕೆಳಗಿನ ಏಳು ಮನೆಗೆ ನೀರು ನುಗ್ಗಿತು. ಕಸ ಕಟ್ಟಿಕೊಂಡಿದೆ ಅಂತ ಎಲ್ಲರೂ ಹೇಳಿದರು. ನಾನೂ ಅದೇ ನಂಬಿ ಎರಡು ಸಲ ಕಸ ತೆಗೆಸಿದೆ. ಮತ್ತೆ ನೀರು. ಕೊನೆಗೆ ಪಕ್ಕದ ಮನೆಯ ಗೌಂಡಿ ಕಾಕಾ ರಸ್ತೆ ಕೆಳಗೆ ಬಗ್ಗಿ ಟೇಪು ಹಿಡಿದರು.

"ಅಕ್ಕಾರ, ಮ್ಯಾಲಿನ ಗಟಾರ ಎರಡು ಫೂಟ್ ಅಗಲ ಐತಿ. ರಸ್ತೆ ಕೆಳಗ ಹಾಕಿದ ಪೈಪು ಒಂದೇ ಫೂಟ್. ನೀರು ಎಲ್ಲಿಗೆ ಹೋಗಬೇಕ್ರಿ?"

ಅಷ್ಟೇ ವಿಷಯ. ಎಷ್ಟೋ ವರ್ಷದಿಂದ ಜನ ಒಬ್ಬರ ಮೇಲೊಬ್ಬರು ಕಸದ ಜಗಳ ಆಡ್ತಿದ್ದರು.

ದುಡ್ಡಿನ ಕಥೆ ಬೇರೆ. ಆಗ ಕೇಂದ್ರದಿಂದ ಪಂಚಾಯತಿಗೆ ಬರುತ್ತಿದ್ದ ಹದಿನೈದನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ರೂಪಾಯಿ ಕುಡಿಯುವ ನೀರು ಮತ್ತು ಸ್ವಚ್ಛತೆಗೇ ಖರ್ಚಾಗಬೇಕಿತ್ತು. ಉಳಿದ 40ಕ್ಕೆ ಪಂಚರೆಲ್ಲ ಕಾದು ಕೂತಿರ್ತಿದ್ದರು. ನನ್ನ ಪೇವರ್ ಮುಳುಗಿದ್ದೂ ಅಲ್ಲೇ. ನಮ್ಮ ಕಾರ್ಯದರ್ಶಿ ಒಂದು ದಾರಿ ತೋರಿಸಿದರು. ಈ ಗಟಾರದಲ್ಲಿ ಬಚ್ಚಲು ನೀರೂ ಹರಿಯುತ್ತಲ್ವಾ, ಅರ್ಜಿಯಲ್ಲಿ ಅದನ್ನೂ ಬರೆಯಿರಿ, ಆಗ ಸ್ವಚ್ಛತೆ ಲೆಕ್ಕಕ್ಕೆ ಬರುತ್ತೆ ಅಂದರು. ಮೊದಲ ಅರ್ಜಿಯಲ್ಲಿ ನಾನು ಬರೀ ಮಳೆ ನೀರು ಅಂತ ಬರೆದಿದ್ದೆ.

ಆದರೆ ಗ್ರಾಮಸಭೆಯಲ್ಲಿ ಠರಾವು ಆಗದೆ ಯಾವುದೂ ಮುಂದೆ ಹೋಗಲ್ಲ. ಸಭೆ ಭಾನುವಾರ ಇರುತ್ತದೆ. ನಮ್ಮವರಿಗೆ ಭಾನುವಾರ ಅಂದರೆ ಸಂತೆ, ಬಟ್ಟೆ ಒಗೆಯೋದು, ಇಲ್ಲಾ ಓವರ್‌ಟೈಮ್. ಮೇಲಾಗಿ ಸಭೆ ನಡೆಯೋದು ಕೊಂಕಣಿಯಲ್ಲಿ. ಮೊದಲ ಸಲ ನಾನು ಎದ್ದು ನಿಂತಾಗ ಹಿಂದಿನಿಂದ ಯಾರೋ "ಘಾಂಟಿ" ಅಂದರು. ಘಟ್ಟದ ಮೇಲಿನವರು ಅಂತ ಹೀಯಾಳಿಸುವ ಮಾತು. ನಾನು ಹುಟ್ಟಿದ್ದು ಇಲ್ಲೇ, ಆದರೂ ಚುಚ್ಚಿತು. ಜಗಳಕ್ಕೆ ಹೋಗಲಿಲ್ಲ. ಮುಂದಿನ ಸಭೆಗೆ ನೀರು ನುಗ್ಗಿದ ಏಳು ಮನೆಯ ಹೆಂಗಸರನ್ನೂ ಕರೆದುಕೊಂಡು ಹೋದೆ. ಅವರಲ್ಲಿ ಎರಡು ಮನೆ ಗೋವಾದವರದೇ. ಅದರಲ್ಲೊಂದು ಮನೆಯ ಆಜಿ, ಅಂದರೆ ಅಜ್ಜಿ, ಎದ್ದು ಕೊಂಕಣಿಯಲ್ಲಿ ಬೈದ ಬೈಗುಳಕ್ಕೆ ಇಡೀ ಸಭೆ ನಕ್ಕುಬಿಟ್ಟಿತು. ಠರಾವು ಆಯಿತು. ನಾನು ತಿಂಗಳಾನುಗಟ್ಟಲೆ ಬರೆದ ಅರ್ಜಿಗಿಂತ ಆಜಿಯ ಐದು ನಿಮಿಷ ಜಾಸ್ತಿ ಕೆಲಸ ಮಾಡಿತು.

ಆಮೇಲೆ ಎಸ್ಟಿಮೇಟ್, ಮಂಜೂರಾತಿ, ಟೆಂಡರ್. ಒಂದು ಕಚೇರಿಯಲ್ಲಿ ಫೈಲು ನಾಲ್ಕು ತಿಂಗಳು ಮಲಗಿತು. ಪ್ರತಿ ಸೋಮವಾರ ಹೋಗಿ ಸುಮ್ನೆ ಬೆಂಚಿನ ಮೇಲೆ ಕೂರುತ್ತಿದ್ದೆ. ಏನೂ ಕೇಳುತ್ತಿರಲಿಲ್ಲ. ನನ್ನ ಮುಖ ನೋಡಿ ನೋಡಿ ಅವರಿಗೇ ಬೇಜಾರಾಯಿತೇನೋ. ಅಷ್ಟರಲ್ಲಿ 2024ರ ಮಳೆಗಾಲವೂ ಕಳೆಯಿತು, ಅದೇ ಏಳು ಮನೆಗೆ ಮತ್ತೆ ನೀರು ಬಂತು. ಆಗ ತಿಂದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಕೆಲಸ ಶುರುವಾಗಿದ್ದು 2025ರ ಮಾರ್ಚ್‌ನಲ್ಲಿ. ಕಾಂಟ್ರಾಕ್ಟರ್ ಹಳೆ ಪೈಪನ್ನೇ ಬಿಟ್ಟು ಗಟಾರ ಮಾತ್ರ ಕಟ್ಟಲು ಹೊರಟಿದ್ದ. ಗೌಂಡಿ ಕಾಕಾ ಅಲ್ಲೇ ನಿಂತು ತಡೆದರು. ಪೈಪು ತೆಗೆದು ಮೂರು ಫೂಟಿನ ಬಾಕ್ಸ್ ಮೋರಿ ಹಾಕಿಸಿದೆವು.

ಆ ಜುಲೈನಲ್ಲಿ ಮನೆಗಳಿಗೆ ನೀರು ಬರಲಿಲ್ಲ. ಆದರೆ ಟ್ಯಾಂಕರ್ ಹತ್ತಿ ಎರಡು ಮುಚ್ಚಳದ ಸ್ಲ್ಯಾಬ್ ಒಡೆದಿವೆ, ಮಕ್ಕಳು ಬೀಳುವ ಜಾಗ. ಅದರ ಅರ್ಜಿ ಬರೆದಿಟ್ಟಿದ್ದೇನೆ, ಈ ಸಲ ಕೊಂಕಣಿಯಲ್ಲೇ. ಆಜಿ ಮಾತ್ರ ಹೊಸ್ತಿಲಲ್ಲಿ ನೀರು ತಡೆಯಲು ಕಟ್ಟಿದ್ದ ಇಟ್ಟಿಗೆ ಸಾಲನ್ನು ಇನ್ನೂ ಕಿತ್ತಿಲ್ಲ. ಇನ್ನೊಂದು ಮಳೆಗಾಲ ನೋಡ್ತಾರಂತೆ.