ಬೇಸ್‌ಬಾಲ್ ಒಪ್ಪಂದವನ್ನು ಓದುವುದು ಹೇಗೆ? ಡಾಲರ್‌ಗಿಂತ ಮೊದಲು ದಿನ ಎಣಿಸಿ

2024ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡ ಹ್ವಾನ್ ಸೋಟೊ ಎಂಬ ಆಟಗಾರನಿಗೆ 15 ವರ್ಷಕ್ಕೆ 76.5 ಕೋಟಿ ಡಾಲರ್ ಕೊಡಲು ಒಪ್ಪಿತು. ಅದಕ್ಕೂ ಒಂದು ವರ್ಷ ಮೊದಲು ಲಾಸ್ ಏಂಜಲೀಸ್ ಡಾಜರ್ಸ್ ತಂಡ ಶೋಹೆ ಒಟಾನಿಗೆ 10 ವರ್ಷಕ್ಕೆ 70 ಕೋಟಿ ಡಾಲರ್ ಬರೆದುಕೊಟ್ಟಿತ್ತು. ವರ್ಷಕ್ಕೆ ಇಷ್ಟು ಎಂದು ಭಾಗಿಸಿದರೆ ಒಟಾನಿಗೆ 7 ಕೋಟಿ, ಸೋಟೊಗೆ 5.1 ಕೋಟಿ. ಆದರೂ ನಿಜ ಬೆಲೆಯಲ್ಲಿ ಸೋಟೊ ಒಪ್ಪಂದವೇ ದೊಡ್ಡದು.

ಐಪಿಎಲ್ ಹರಾಜು ನೋಡಿ ಅಭ್ಯಾಸವಾದ ಕಣ್ಣಿಗೆ ಇದು ಒಗಟಿನಂತೆ ಕಾಣುತ್ತದೆ. ನಮ್ಮಲ್ಲಿ ತಂಡದ ಥೈಲಿಗೆ ಮಿತಿಯಿದೆ, 2025ರ ಋತುವಿಗೆ ಅದು 120 ಕೋಟಿ ರೂಪಾಯಿ. ಸುತ್ತಿಗೆ ಬಿದ್ದೊಡನೆ ರಿಷಭ್ ಪಂತ್ ಬೆಲೆ 27 ಕೋಟಿ ಎಂದು ತೀರ್ಮಾನವಾಗಿಬಿಡುತ್ತದೆ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಸುತ್ತಿಗೆಯೂ ಇಲ್ಲ, ಥೈಲಿಗೆ ಕಟ್ಟುನಿಟ್ಟಿನ ಬಾಯಿಯೂ ಇಲ್ಲ. ಅಲ್ಲಿ ಬೆಲೆ ಕಟ್ಟುವುದು ಕ್ಯಾಲೆಂಡರ್. ಸಂಬಳದ ಸುದ್ದಿ ಓದುವಾಗ ಯಾವುದನ್ನು ಯಾವ ಕ್ರಮದಲ್ಲಿ ನೋಡಬೇಕು ಎಂಬುದು ಇಲ್ಲಿದೆ.

ಹಂತ 1: ಆಟಗಾರನ ದಿನಗಳನ್ನು ಎಣಿಸಿ

ಒಂದು ಋತು ಸುಮಾರು 187 ದಿನ ನಡೆಯುತ್ತದೆ. ಅದರಲ್ಲಿ 172 ದಿನ ಮೇಜರ್ ಲೀಗ್ ತಂಡದ ಪಟ್ಟಿಯಲ್ಲಿದ್ದರೆ ಒಂದು ವರ್ಷದ ಸೇವೆ ಪೂರ್ಣ. ಇಂಥ ಆರು ವರ್ಷಗಳು ತುಂಬಿದ ಮೇಲೆ ಆಟಗಾರ ‘ಫ್ರೀ ಏಜೆಂಟ್’, ಅಂದರೆ ಯಾವ ತಂಡದೊಂದಿಗಾದರೂ ಮಾತುಕತೆಗೆ ಕೂರಬಲ್ಲ ಸ್ವತಂತ್ರ. ಅಲ್ಲಿಯವರೆಗೆ ಅವನು ಒಂದೇ ತಂಡದ ಸ್ವತ್ತು.

ಈ 172ರ ತೂಕ ತಿಳಿಯಬೇಕಾದರೆ ಕ್ರಿಸ್ ಬ್ರಯಂಟ್ ಕತೆ ನೋಡಬೇಕು. 2015ರ ವಸಂತದ ಅಭ್ಯಾಸ ಪಂದ್ಯಗಳಲ್ಲಿ ಈ ತರುಣ ಒಂಬತ್ತು ಹೋಮ್ ರನ್ (ನಮ್ಮ ಸಿಕ್ಸರ್‌ನಂಥ ಹೊಡೆತ) ಬಾರಿಸಿದ. ಆದರೂ ಶಿಕಾಗೊ ಕಬ್ಸ್ ತಂಡ, ಕ್ಷೇತ್ರರಕ್ಷಣೆ ಇನ್ನೂ ಪಳಗಬೇಕು ಎಂದು ಅವನನ್ನು ಕೆಳ ದರ್ಜೆಯ ಮೈನರ್ ಲೀಗ್‌ಗೆ ಕಳುಹಿಸಿತು. ಋತು ಆರಂಭವಾದದ್ದು ಏಪ್ರಿಲ್ 5ಕ್ಕೆ, ಅವನಿಗೆ ಕರೆ ಬಂದದ್ದು 17ಕ್ಕೆ. ವರ್ಷದ ಕೊನೆಗೆ ಅವನ ಖಾತೆಯಲ್ಲಿದ್ದದ್ದು 171 ದಿನ. ಆ ವರ್ಷ ಅವನು ಅತ್ಯುತ್ತಮ ಹೊಸ ಆಟಗಾರ, ಮರುವರ್ಷ ಲೀಗ್‌ನ ಅತ್ಯಮೂಲ್ಯ ಆಟಗಾರ. 1908ರ ನಂತರ ಕಬ್ಸ್ ಮೊದಲ ಬಾರಿಗೆ ವಿಶ್ವ ಸರಣಿ, ಅಂದರೆ ಲೀಗ್‌ನ ಅಂತಿಮ ಪ್ರಶಸ್ತಿ ಸರಣಿ, ಗೆದ್ದದ್ದೂ ಆಗಲೇ. ಆದರೆ ಕೊರತೆಯಾದ ಆ ಒಂದು ದಿನ ಅವನ ಸ್ವಾತಂತ್ರ್ಯವನ್ನು ಇಡೀ ಒಂದು ವರ್ಷ ಮುಂದಕ್ಕೆ ತಳ್ಳಿತು. ಅವನು ಸಲ್ಲಿಸಿದ ದೂರು 2020ರಲ್ಲಿ ಬಿದ್ದುಹೋಯಿತು. ನಿಯಮದ ಅಕ್ಷರ ಮುರಿದಿರಲಿಲ್ಲ, ನಿಜ. ಆದರೂ ಒಬ್ಬ ಆಟಗಾರನ ಯೌವನದ ಒಂದು ವರ್ಷವನ್ನು ಹೀಗೆ ತೆಗೆದುಕೊಳ್ಳುವುದು ನನಗೆ ಇಂದಿಗೂ ನ್ಯಾಯ ಎನಿಸುವುದಿಲ್ಲ.

ಈಗ ಸೋಟೊ ವಯಸ್ಸು ನೋಡಿ. ಅವನು 19ಕ್ಕೇ ಮೇಜರ್ ಲೀಗ್‌ಗೆ ಬಂದ, 26ಕ್ಕೆ ಸ್ವತಂತ್ರನಾದ. ಆರನ್ ಜಡ್ಜ್ 24ಕ್ಕೆ ಬಂದ, 30ಕ್ಕೆ ಸ್ವತಂತ್ರನಾದ. 2022ರಲ್ಲಿ 62 ಹೋಮ್ ರನ್ ಹೊಡೆದೂ ಅವನಿಗೆ ಸಿಕ್ಕಿದ್ದು ಒಂಬತ್ತು ವರ್ಷಕ್ಕೆ 36 ಕೋಟಿ ಡಾಲರ್. ಸೋಟೊ ಪಡೆದದ್ದರ ಅರ್ಧಕ್ಕಿಂತ ಕಡಿಮೆ.

ಹಂತ 2: ಅವನು ಯಾವ ಮೆಟ್ಟಿಲಲ್ಲಿದ್ದಾನೆ?

ಮೊದಲ ಮೂರು ವರ್ಷ ತಂಡ ಹೇಳಿದ್ದೇ ಸಂಬಳ. ಕನಿಷ್ಠ ಮೊತ್ತಕ್ಕೆ ಮಾತ್ರ ರಕ್ಷಣೆಯಿದೆ: 2025ರಲ್ಲಿ ಅದು 7.6 ಲಕ್ಷ ಡಾಲರ್. ನಮಗೆ ಅದು ದೊಡ್ಡ ಗಂಟೇ, ಆದರೆ ಅದೇ ಆಟವನ್ನು ಮುಕ್ತ ಮಾರುಕಟ್ಟೆಗೆ ತಂದರೆ ಹಲವು ಪಟ್ಟು ಬೆಲೆ ಬರುತ್ತದೆ.

ನಾಲ್ಕನೆಯ ವರ್ಷದಿಂದ ಆರನೆಯ ವರ್ಷದವರೆಗೆ ಮಧ್ಯಸ್ಥಿಕೆಯ ಮೆಟ್ಟಿಲು. ಎರಡು ವರ್ಷ ದಾಟಿದ ಕೆಲವರಿಗೆ ಇಲ್ಲಿಗೆ ಮೊದಲೇ ಬರುವ ಅವಕಾಶವೂ ಇದೆ. ಈ ವ್ಯವಸ್ಥೆ ಇಡೀ ಪದ್ಧತಿಯಲ್ಲೇ ಅತ್ಯಂತ ಚತುರವಾದದ್ದು. ತಂಡ ಒಂದು ಸಂಖ್ಯೆ ಕೊಡುತ್ತದೆ, ಆಟಗಾರ ಒಂದು ಸಂಖ್ಯೆ ಕೊಡುತ್ತಾನೆ. ಮೂವರು ಪಂಚರು ಎರಡರಲ್ಲಿ ಒಂದನ್ನು ಆರಿಸಲೇಬೇಕು, ‘ನಿನ್ನದೂ ಬೇಡ, ಅವನದೂ ಬೇಡ, ನಡುವೆ ಇರಲಿ’ ಎನ್ನುವಂತಿಲ್ಲ. ಆದ್ದರಿಂದ ಆಕಾಶಕ್ಕೆ ಏಣಿ ಹಾಕಿದವನು ಸೋಲುತ್ತಾನೆ, ತೀರಾ ಜಿಪುಣತನ ತೋರಿದ ತಂಡವೂ ಸೋಲುತ್ತದೆ. ಆ ಭಯವೇ ಇಬ್ಬರನ್ನೂ ಹತ್ತಿರಕ್ಕೆ ತರುತ್ತದೆ, ಬಹುಪಾಲು ಪ್ರಕರಣಗಳು ವಿಚಾರಣೆಗೆ ಮುನ್ನವೇ ರಾಜಿಯಾಗುತ್ತವೆ. 2024ರಲ್ಲಿ ವ್ಲಾಡಿಮಿರ್ ಗೆರೆರೊ ಜೂನಿಯರ್ 1.99 ಕೋಟಿ ಕೇಳಿದ, ಟೊರಾಂಟೊ ತಂಡ 1.805 ಕೋಟಿ ಎಂದಿತು. ಪಂಚರು ಆಟಗಾರನ ಸಂಖ್ಯೆಯನ್ನೇ ಎತ್ತಿ ಹಿಡಿದರು.

ಆದರೆ ಇಲ್ಲಿ ಒಂದು ನೋವಿದೆ. ವಿಚಾರಣೆಯಲ್ಲಿ ತಂಡದ ವಕೀಲರು ತಮ್ಮದೇ ಆಟಗಾರನ ಕುಂದುಗಳನ್ನು ಅವನ ಎದುರೇ ಪಟ್ಟಿ ಮಾಡಬೇಕಾಗುತ್ತದೆ. 2023ರಲ್ಲಿ ಮಿಲ್ವಾಕಿ ಬ್ರೂವರ್ಸ್ ತಂಡದ ಬೌಲರ್, ಅಂದರೆ ಪಿಚರ್, ಕಾರ್ಬಿನ್ ಬರ್ನ್ಸ್ ಸುಮಾರು 7.4 ಲಕ್ಷ ಡಾಲರ್ ವ್ಯತ್ಯಾಸಕ್ಕಾಗಿ ಆ ಕೋಣೆಯಲ್ಲಿ ಕುಳಿತು ಸೋತ. ಹೊರಬಂದವನು ತಂಡದೊಂದಿಗಿನ ಸಂಬಂಧಕ್ಕೆ ಪೆಟ್ಟು ಬಿದ್ದಿದೆ ಎಂದು ಬಹಿರಂಗವಾಗಿಯೇ ಹೇಳಿದ. ಒಂದು ವರ್ಷದಲ್ಲಿ ಅವನು ಬೇರೆ ತಂಡದಲ್ಲಿದ್ದ.

ಹಂತ 3: ಆರು ವರ್ಷ ಏಕೆ ಎಂದು ಕೇಳಿ

1879ರಿಂದ ಬೇರೂರಿದ್ದ ಮೀಸಲು ಷರತ್ತಿನ ಪ್ರಕಾರ ಆಟಗಾರ ಬದುಕಿಡೀ ತಂಡಕ್ಕೆ ಕಟ್ಟುಬಿದ್ದವನು. 1969ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡ ಕರ್ಟ್ ಫ್ಲಡ್‌ನನ್ನು ಫಿಲಡೆಲ್ಫಿಯಾಕ್ಕೆ ದಾಟಿಸಿತು. 12 ವರ್ಷ ಅಲ್ಲಿ ದುಡಿದಿದ್ದ ಆ ಕಪ್ಪುವರ್ಣದ ಆಟಗಾರ, ಕೊಂಡು ಮಾರುವ ವಸ್ತು ನಾನಲ್ಲ ಎಂದು ಲೀಗ್ ಮುಖ್ಯಸ್ಥನಾದ ಕಮಿಷನರ್‌ಗೆ ಪತ್ರ ಬರೆದು ನ್ಯಾಯಾಲಯದ ಮೆಟ್ಟಿಲೇರಿದ. 1972ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ 5-3ರಿಂದ ಸೋತ. ಅವನ ಆಟದ ಬದುಕು ಅಷ್ಟರಲ್ಲೇ ಮುಗಿದಿತ್ತು. ಇಂದು ಕೋಟಿಗಳಿಗೆ ಸಹಿ ಹಾಕುವ ಪ್ರತಿಯೊಬ್ಬನೂ ಅವನಿಗೆ ಋಣಿ.

ಬೀಗ ಒಡೆದದ್ದು 1975ರ ಡಿಸೆಂಬರ್ 23ರಂದು. ಆಟಗಾರರಾದ ಆಂಡಿ ಮೆಸರ್‌ಸ್ಮಿತ್ ಮತ್ತು ಡೇವ್ ಮೆಕ್‌ನಾಲಿ ಪರವಾಗಿ ಪಂಚ ಪೀಟರ್ ಸೈಟ್ಸ್ ತೀರ್ಪಿತ್ತರು. ಆಗ ಆಟಗಾರರ ಸಂಘದ ನಾಯಕ ಮಾರ್ವಿನ್ ಮಿಲ್ಲರ್ ಮಾಡಿದ ಲೆಕ್ಕಾಚಾರ ಅರ್ಥಶಾಸ್ತ್ರದ ಪಾಠ. ಎಲ್ಲರನ್ನೂ ಪ್ರತಿ ವರ್ಷ ಸ್ವತಂತ್ರಗೊಳಿಸಿ ಎಂದು ಓಕ್‌ಲ್ಯಾಂಡ್ ತಂಡದ ಮಾಲೀಕ ಚಾರ್ಲಿ ಫಿನ್ಲಿ ಸೂಚಿಸಿದಾಗ ಮಿಲ್ಲರ್ ಅಂಜಿದ್ದು ಅದಕ್ಕೇ. ಸಂತೆಗೆ ಒಂದೇ ದಿನ ಎಲ್ಲ ಗಾಡಿಗಳೂ ಬಂದರೆ ಟೊಮೆಟೊ ಬೆಲೆ ಏನಾಗುತ್ತದೆ ಎಂದು ಕೋಲಾರದ ರೈತರನ್ನು ಕೇಳಿ. ಪುಣ್ಯಕ್ಕೆ ಉಳಿದ ಮಾಲೀಕರು ಫಿನ್ಲಿ ಮಾತಿಗೆ ಕಿವಿಗೊಡಲಿಲ್ಲ. ಬದಲಿಗೆ ಒಪ್ಪಿಕೊಂಡ ಆರು ವರ್ಷದ ಕಾಯುವಿಕೆಯಿಂದ ಮಾರುಕಟ್ಟೆಗೆ ಬರುವವರು ಕೆಲವರೇ ಆದರು, ಬೆಲೆ ಏರಿತು.

ಹಂತ 4: ಹಣ ಕೈಗೆ ಬರುವ ತಾರೀಖು ನೋಡಿ

ಮೊದಲಿನ ಒಗಟು ಬಿಡಿಸುವುದು ಇಲ್ಲೇ. ಒಟಾನಿ ಆಡುವ ಹತ್ತು ವರ್ಷ ಪಡೆಯುವುದು ವರ್ಷಕ್ಕೆ 20 ಲಕ್ಷ ಡಾಲರ್ ಮಾತ್ರ. ಉಳಿದ 68 ಕೋಟಿ 2034ರಿಂದ 2043ರವರೆಗೆ ಬರುತ್ತದೆ, ಅದೂ ಬಡ್ಡಿಯಿಲ್ಲದೆ. ಅದನ್ನು ಇಂದಿನ ಬೆಲೆಗೆ ಇಳಿಸಿದಾಗ ಲೀಗ್ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 4.6 ಕೋಟಿ. ಸೋಟೊ ಒಪ್ಪಂದದಲ್ಲಿ ಮುಂದೂಡಿದ ಹಣವೇ ಇಲ್ಲ.

ಬಡ್ಡಿ ಸೇರಿದರೆ ಚಿತ್ರ ತಿರುಗಿಬಿಡುತ್ತದೆ. 2000ನೇ ಇಸವಿಯಲ್ಲಿ ಬಾಬಿ ಬೊನಿಲ್ಲಾಗೆ ಮೆಟ್ಸ್ 59 ಲಕ್ಷ ಡಾಲರ್ ಬಾಕಿ ಕೊಡಬೇಕಿತ್ತು. ಶೇ 8ರ ಬಡ್ಡಿಗೆ ಅದನ್ನು ಮುಂದೂಡಿದರು. ಫಲವಾಗಿ 2011ರಿಂದ 2035ರವರೆಗೆ ಪ್ರತಿ ಜುಲೈ 1ರಂದು ಅವನಿಗೆ 11.93 ಲಕ್ಷ ಡಾಲರ್. ಒಟ್ಟು ಮೂರು ಕೋಟಿಗೆ ಸ್ವಲ್ಪವೇ ಕಡಿಮೆ.

ಹಂತ 5: ಹೊರಬಾಗಿಲುಗಳನ್ನು ಹುಡುಕಿ

ಒಪ್ಪಂದದ ನಡುವೆ ಎದ್ದು ಹೋಗುವ ಹಕ್ಕು ಯಾರಿಗಿದೆ, ಒಪ್ಪಿಗೆಯಿಲ್ಲದೆ ಬೇರೆ ತಂಡಕ್ಕೆ ದಾಟಿಸಬಹುದೇ ಎಂಬುದನ್ನು ನೋಡಿ. ಒಟಾನಿ ಒಪ್ಪಂದದಲ್ಲಿ ಡಾಜರ್ಸ್ ಮಾಲೀಕ ಮಾರ್ಕ್ ವಾಲ್ಟರ್ ಅಥವಾ ಮುಖ್ಯಸ್ಥ ಆಂಡ್ರೂ ಫ್ರೀಡ್‌ಮನ್ ಹುದ್ದೆ ಬಿಟ್ಟರೆ ತಾನೂ ಹೊರಡಬಹುದು ಎಂಬ ಷರತ್ತಿದೆ. ಹಣ ಮುಂದೂಡಿದವನು ಯಾರ ಮಾತನ್ನು ನಂಬಿದನೋ ಅವರ ಹೆಸರನ್ನೇ ಕಾಗದದಲ್ಲಿ ಬರೆಸಿಕೊಂಡಿದ್ದಾನೆ.

ಹಂತ 6: ತಂಡ ತೆರಿಗೆ ಗೆರೆಯ ಯಾವ ಬದಿಯಲ್ಲಿದೆ?

ತಂಡದ ಒಟ್ಟು ಸಂಬಳ 2025ರಲ್ಲಿ 24.1 ಕೋಟಿ ಡಾಲರ್ ದಾಟಿದರೆ ಹೆಚ್ಚುವರಿಗೆ ತೆರಿಗೆ. ಮೊದಲ ವರ್ಷ ಶೇ 20, ಸತತ ಎರಡನೆಯ ವರ್ಷ 30, ಮೂರನೆಯದಕ್ಕೆ 50. ಗಡಿಯನ್ನು ಬಹಳ ದೂರ ದಾಟಿದವರಿಗೆ ಅದರ ಮೇಲೂ ದಂಡ. ಆದರೆ ದಾಟಲೇಬಾರದು ಎಂಬ ಬೇಲಿಯಿಲ್ಲ. ಆ ಬೇಲಿ ಹಾಕಲು ಮಾಲೀಕರು ಪಟ್ಟು ಹಿಡಿದಾಗಲೇ 1994ರ ಆಗಸ್ಟ್‌ನಲ್ಲಿ ಮುಷ್ಕರ ನಡೆದು ವಿಶ್ವ ಸರಣಿ ರದ್ದಾಯಿತು. 2021ರ ಡಿಸೆಂಬರ್‌ನಲ್ಲಿ ಮಾಲೀಕರೇ ಆಟಗಾರರನ್ನು ಹೊರಗಿಟ್ಟು ಬಾಗಿಲು ಹಾಕಿ 99 ದಿನ ತೆರೆಯಲಿಲ್ಲ. ಆ ಬಿಕ್ಕಟ್ಟಿನ ಕೊನೆಗೆ ಸಹಿಯಾದ ಸಾಮೂಹಿಕ ಒಪ್ಪಂದದ ಅವಧಿ 2026ರ ಡಿಸೆಂಬರ್ 1ರವರೆಗೆ. ಅದರ ಜಾಗಕ್ಕೆ ಬರುವ ದಾಖಲೆ ಕೈಗೆ ಸಿಕ್ಕಾಗ ಕೋಟಿಗಳ ಪುಟ ಆಮೇಲೆ ತೆರೆಯಿರಿ. ಮೊದಲು 172, ಮೂರು, ಆರು ಎಂಬ ಮೂರು ಸಂಖ್ಯೆಗಳು ಹಾಗೆಯೇ ಇವೆಯೇ ನೋಡಿ.