ಉಗ್ಗು ಮುಚ್ಚಿಡುವ ಕಸುಬು, ಅದನ್ನು ಬಿಟ್ಟ ಬಗೆ

ನನಗೆ ಉಗ್ಗು ಇದೆ ಅನ್ನೋದು ಆಫೀಸಿನಲ್ಲಿ ಬಹಳ ವರ್ಷ ಯಾರಿಗೂ ಗೊತ್ತಿರಲಿಲ್ಲ. ಮಾತು ಕಮ್ಮಿ, ನಾಚಿಕೆ ಸ್ವಭಾವ, ಸ್ವಲ್ಪ ಗತ್ತು ಅಂತ ತಿಳಿದಿದ್ದರು. ಗತ್ತು ಅಂದುಕೊಂಡರೆ ನನಗೆ ಸಮಾಧಾನವೇ ಆಗುತ್ತಿತ್ತು. ಉಗ್ಗ ಅನ್ನಿಸಿಕೊಳ್ಳುವುದಕ್ಕಿಂತ ಜಂಬದವನು ಅನ್ನಿಸಿಕೊಳ್ಳುವುದು ಎಷ್ಟೋ ವಾಸಿ ಅನ್ನೋದು ಆಗಿನ ಲೆಕ್ಕ.

ನನಗೆ ಕಾಟ ಕೊಡುವುದು ‘ಕ’. ಊರು ಕಡೂರು. ಹೆಸರೂ ಅದೇ ಅಕ್ಷರದಿಂದ ಶುರು. ‘ಕ’ ಅನ್ನಬೇಕೆಂದರೆ ನಾಲಿಗೆಯ ಹಿಂಭಾಗ ಮೇಲೆದ್ದು ಅಂಗುಳಕ್ಕೆ ಒತ್ತಿಕೊಳ್ಳುತ್ತದೆ, ಆಮೇಲೆ ಬಿಟ್ಟುಕೊಳ್ಳುತ್ತದೆ. ನನ್ನದು ಒತ್ತಿಕೊಳ್ಳುತ್ತದೆ, ಬಿಡುವುದಿಲ್ಲ. ಉಸಿರು ಅಲ್ಲೇ ನಿಲ್ಲುತ್ತದೆ, ದನಿ ಹೊರಡುವುದಿಲ್ಲ. ಇದಕ್ಕೆ ಬ್ಲಾಕ್ ಅನ್ನುತ್ತಾರೆ. ಹಾಸ್ಯಕ್ಕೆ ತೋರಿಸುವ ಕ-ಕ-ಕ ಅನ್ನೋ ತರಹದ್ದಲ್ಲ. ಎದುರಿಗಿದ್ದವರಿಗೆ ಕಾಣುವುದು ಬಾಯಿ ಅರ್ಧ ತೆರೆದು ನಿಂತ ಮನುಷ್ಯ, ಅಷ್ಟೆ. ಹಾಗಾಗಿ ಮುಚ್ಚಿಡುವುದೂ ಸಲೀಸು. ಹುಬ್ಬು ಗಂಟಿಕ್ಕಿ, ಏನೋ ಯೋಚಿಸುವವನ ಹಾಗೆ ಮೇಲೆ ನೋಡಿದರೆ ಆಯ್ತು.

ಇನ್ನೊಂದು ಅನುಕೂಲ ಅಂದರೆ ಕನ್ನಡ. ನಮ್ಮ ಭಾಷೆಯಲ್ಲಿ ಪದಗಳನ್ನು ಹಿಂದೆ ಮುಂದೆ ಮಾಡಿದರೂ ಯಾರೂ ಏನೂ ಅನ್ನುವುದಿಲ್ಲ. ‘ಕಡೂರಿಗೆ ಒಂದು ಟಿಕೆಟ್’ ಬರದಿದ್ದರೆ ‘ಒಂದು ಟಿಕೆಟ್ ಸರ್, ಕಡೂರಿಗೆ’. ಮಾತಿನ ಓಟದಲ್ಲಿ ಒಮ್ಮೊಮ್ಮೆ ‘ಕ’ ಜಾರಿಕೊಂಡು ಬಂದುಬಿಡುತ್ತಿತ್ತು. ಬರದ ದಿನ ಶಿವಮೊಗ್ಗಕ್ಕೆ ಟಿಕೆಟ್ ತಗೊಂಡು ಕಡೂರಿನಲ್ಲಿ ಇಳಿಯುತ್ತಿದ್ದೆ. ‘ಶ’ ಎಳೆಯಬಹುದಾದ ಅಕ್ಷರ, ನನಗೆ ಎಂದೂ ಕೈಕೊಟ್ಟಿಲ್ಲ. ಇಳಿಯುವಾಗ ಕಂಡಕ್ಟರ್ ಕೂಗಿ ಕರೆದರೆ ‘ಇಲ್ಲೇ ಸ್ವಲ್ಪ ಅರ್ಜೆಂಟು’ ಅನ್ನೋ ಉತ್ತರವೂ ರೆಡಿ ಇರುತ್ತಿತ್ತು.

ಕಾಫಿ ಬೆಳೆಯುವ ಚಿಕ್ಕಮಗಳೂರು ಜಿಲ್ಲೆಯವನು ನಾನು, ವರ್ಷಗಟ್ಟಲೆ ಹೊರಗೆ ಟೀ ಕುಡಿದೆ. ಟೀ ಇಷ್ಟ ಅಂತಲ್ಲ. ದರ್ಶಿನಿಯಲ್ಲಿ ಮುಂದಿದ್ದವರು ಕಾಫಿ ಹೇಳಿದ್ದರೆ ಮಾತ್ರ ‘ನನಗೂ ಅದೇ’. ಅಂಥ ದಿನ ಹಬ್ಬ.

ಶಾಲೆಯಲ್ಲೇ ಈ ಕಸುಬು ಕಲಿತಿದ್ದು. ಪಾಠ ಓದಿಸುವಾಗ ನನ್ನ ಸರದಿಗೆ ಯಾವ ಪ್ಯಾರಾ ಬರುತ್ತದೆ ಅಂತ ತಲೆ ಎಣಿಸಿ, ಅದರಲ್ಲಿ ‘ಕ’ ಜಾಸ್ತಿ ಇದ್ದರೆ ನೀರು ಕುಡಿಯಲು ಎದ್ದು ಹೋಗುತ್ತಿದ್ದೆ. ಬೆಳಗ್ಗೆ ಎಲ್ಲರ ಜೊತೆ ನಾಡಗೀತೆ ಹಾಡುವಾಗ ಮಾತ್ರ ಒಂದು ಅಕ್ಷರವೂ ಸಿಕ್ಕಿಕೊಳ್ಳುತ್ತಿರಲಿಲ್ಲ. ಹಾಡುವಾಗ, ಗುಂಪಿನಲ್ಲಿ ಒಟ್ಟಿಗೆ ಓದುವಾಗ, ಒಬ್ಬನೇ ಮಾತಾಡಿಕೊಳ್ಳುವಾಗ ಹೆಚ್ಚಿನವರಿಗೆ ಉಗ್ಗು ಬರುವುದೇ ಇಲ್ಲ. ಇದು ಗೊತ್ತಿಲ್ಲದೆ ಮನೆಯವರು ‘ಹಾಡೋಕಾಗತ್ತೆ, ಮಾತಾಡೋಕೆ ಏನು ಧಾಡಿ?’ ಅನ್ನುತ್ತಿದ್ದರು. ಅಜ್ಜಿ ಬಜೆ ತೇಯ್ದು ಜೇನುತುಪ್ಪದಲ್ಲಿ ನೆಕ್ಕಿಸುತ್ತಿದ್ದರು. ನಾಲಿಗೆ ಉರಿಯಿತೇ ಹೊರತು ಬೇರೇನೂ ಆಗಲಿಲ್ಲ.

ಮೊಬೈಲ್ ಬಂದ ಮೇಲಂತೂ ನಮ್ಮಂಥವರಿಗೆ ಸುಗ್ಗಿ. ಊಟ ಆ್ಯಪ್‌ನಲ್ಲಿ, ಆಟೊ ಆ್ಯಪ್‌ನಲ್ಲಿ, ದಾರಿ ಮ್ಯಾಪ್‌ನಲ್ಲಿ. ಅಂಗಡಿಯಲ್ಲಿ ‘ಎಷ್ಟು’ ಅಂತ ಸನ್ನೆ ಮಾಡಿ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಮುಗಿಯಿತು. ಫೋನ್ ಬಂದರೆ ರಿಂಗ್ ನಿಲ್ಲುವವರೆಗೆ ಕಾದು ‘ಮೀಟಿಂಗ್‌ನಲ್ಲಿದ್ದೇನೆ, ಮೆಸೇಜ್ ಮಾಡಿ’ ಅಂತ ಕಳಿಸುವುದು. ಇಡೀ ದಿನ ಒಂದು ವಾಕ್ಯ ಪೂರ್ತಿ ಆಡದೆ ಬೆಂಗಳೂರಿನಲ್ಲಿ ಆರಾಮಾಗಿ ಬದುಕಬಹುದು. ಮಾಡಿ ನೋಡಿದ್ದೇನೆ.

ಹಾಗಾದರೆ ಬಿಟ್ಟಿದ್ದೇಕೆ? ತಲೆ ದಣಿದಿತ್ತು. ಯಾರಾದರೂ ಮಾತಾಡುತ್ತಿದ್ದರೆ ಅರ್ಧ ಕಿವಿ ಮಾತ್ರ ಅವರ ಕಡೆ. ಉಳಿದರ್ಧ ತಲೆ ಮುಂದಿನ ವಾಕ್ಯದಲ್ಲಿ ಎಲ್ಲೆಲ್ಲಿ ‘ಕ’ ಇದೆ, ಅಲ್ಲಿ ಯಾವ ಪದ ಹಾಕಲಿ ಅಂತ ಹುಡುಕುತ್ತಿರುತ್ತದೆ. ಹೇಳಬೇಕಾದ್ದಲ್ಲ, ಹೇಳಲು ಬರುವುದೇ ಬಾಯಿಂದ ಬರುತ್ತದೆ. ಮೀಟಿಂಗಿನಲ್ಲಿ ‘ಕಷ್ಟ ಆಗತ್ತೆ’ ಅನ್ನಬೇಕಾದ ಜಾಗದಲ್ಲಿ ‘ಆಗತ್ತೆ’ ಅಂದು, ಶನಿವಾರ ಭಾನುವಾರ ಕೂತು ಕೆಲಸ ಮಾಡಿದ್ದುಂಟು.

ಊರಿನ ವಿಷಯದಲ್ಲಿ ಸುಳ್ಳೇ ಶುರುವಾಯಿತು. ಯಾವೂರು ಅಂದರೆ ‘ಶಿವಮೊಗ್ಗ ಕಡೆ’ ಅನ್ನುತ್ತಿದ್ದೆ. ‘ಕಡೆ’ ಕೂಡ ಕೆಲವೊಮ್ಮೆ ಸಿಕ್ಕಿಕೊಂಡಿದ್ದರಿಂದ ಬರೀ ‘ಶಿವಮೊಗ್ಗ’ ಆಯಿತು. ಒಂದು ಮದುವೆ ಊಟದಲ್ಲಿ ಸಹೋದ್ಯೋಗಿಯ ಹೆಂಡತಿ ಖುಷಿಯಾಗಿ, ‘ಓ, ನಾವೂ ಶಿವಮೊಗ್ಗದವ್ರೇ! ಯಾವ ಏರಿಯಾ?’ ಅಂದರು. ಬಾಯಿಗೆ ಬಂದದ್ದು ವಿನೋಬನಗರ. ‘ನಮ್ಮ ತವರುಮನೆಯೂ ಅಲ್ಲೇ, ನಿಮ್ದು ಎಲ್ಲಿ ಬರತ್ತೆ?’ ಹೋಳಿಗೆ ಎಲೆಯಲ್ಲೇ ಬಿಟ್ಟು ಕೈತೊಳೆಯಲು ಎದ್ದೆ. ಆ ದಂಪತಿ ಇದ್ದ ಕಡೆಗೆಲ್ಲ ಹೋಗುವುದನ್ನು ಆಮೇಲೆ ತಪ್ಪಿಸಬೇಕಾಯಿತು.

ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋದಾಗ ನನಗೆ ಬೇಕಿದ್ದದ್ದು ನಿರರ್ಗಳ ಮಾತು. ಅವರು ಕೇಳಿದ್ದು ಬೇರೆ: ‘ಮಾತು ತಪ್ಪಿಸೋಕೆ ಏನೇನು ಮಾಡ್ತೀರಿ, ಎಲ್ಲಾ ಬರೀರಿ.’ ಬರೆಯುತ್ತಾ ಹೋದಂತೆ ನೋಟ್‌ಬುಕ್ಕಿನ ಪುಟಗಳು ತುಂಬಿದವು. ಅಮೆರಿಕದ ಮನಶ್ಶಾಸ್ತ್ರಜ್ಞ ಜೋಸೆಫ್ ಶೀಹನ್ ಉಗ್ಗನ್ನು ನೀರ್ಗಲ್ಲಿಗೆ, ಅಂದರೆ ಸಮುದ್ರದಲ್ಲಿ ತೇಲುವ ಐಸ್‌ಬರ್ಗ್‌ಗೆ ಹೋಲಿಸಿದ್ದರಂತೆ. ಕೇಳಿಸುವ ಉಗ್ಗು ನೀರಿನ ಮೇಲಿನ ತುದಿ, ಕೆಳಗಿರುವ ದೊಡ್ಡ ಭಾಗ ಹೆದರಿಕೆ, ನಾಚಿಕೆ, ತಪ್ಪಿಸಿಕೊಳ್ಳುವಿಕೆ. ಶೀಹನ್‌ಗೂ ಉಗ್ಗಿತ್ತು. ನನ್ನದು ಪೂರ್ತಿ ಮುಳುಗಿದ ಕೇಸು.

ಥೆರಪಿಸ್ಟೇ ಕೆಲವು ವಿಷಯ ತಿಳಿಸಿದರು. ಸುಮಾರು 100 ಮಕ್ಕಳಲ್ಲಿ 5 ಮಕ್ಕಳಿಗೆ ಒಂದಲ್ಲ ಒಂದು ಹಂತದಲ್ಲಿ ಉಗ್ಗು ಬರುತ್ತದೆ, ಹೆಚ್ಚಿನವರಿಗೆ ಹೋಗುತ್ತದೆ. ದೊಡ್ಡವರಲ್ಲಿ ಸುಮಾರು 100ಕ್ಕೆ 1ರಷ್ಟು ಉಳಿಯುತ್ತದೆ, ಅದರಲ್ಲೂ ಗಂಡಸರೇ ಜಾಸ್ತಿ. ವಂಶದಲ್ಲಿ ಹರಿದು ಬರುವುದುಂಟು. ಮಿದುಳು ಮಾತನ್ನು ಹೊಂದಿಸುವ ರೀತಿಯಲ್ಲೇ ವ್ಯತ್ಯಾಸವಿರುತ್ತದೆ. ಹೆದರಿಕೆಯಿಂದ ಉಗ್ಗು ಹುಟ್ಟುವುದಿಲ್ಲ, ಇರುವುದು ಜಾಸ್ತಿಯಾಗಬಹುದು ಅಷ್ಟೆ. ಅಪ್ಪ ಗದರಿಸಿದ್ದಕ್ಕೆ ಹೀಗಾಯ್ತು ಅಂತ ಅಮ್ಮ ಇಷ್ಟು ವರ್ಷ ಅವರ ಮೇಲೆ ಹೊರಿಸಿದ್ದ ಆರೋಪ ಅಲ್ಲಿಗೆ ಖುಲಾಸೆ.

ಥೆರಪಿಸ್ಟ್ ಕೊಟ್ಟ ಮೊದಲ ಕೆಲಸ ವಿಚಿತ್ರವಾಗಿತ್ತು. ಬೇಕೆಂದೇ ಉಗ್ಗುವುದು. ಕಷ್ಟದ ಅಕ್ಷರದಲ್ಲಲ್ಲ, ಸಲೀಸಾಗಿ ಬರುವ ಅಕ್ಷರದಲ್ಲಿ. ತರಕಾರಿ ಗಾಡಿಯವರ ಹತ್ತಿರ ಹೋಗಿ ‘ಟ-ಟ-ಟ-ಟೊಮೇಟೊ ಎಷ್ಟು?’ ಅಂದೆ. ಬೆನ್ನು ಬೆವೆತಿತ್ತು. ಆಯಮ್ಮ ತಲೆಯೂ ಎತ್ತಲಿಲ್ಲ. ರೇಟು ಹೇಳಿ, ‘ಚೀಲ ತಂದಿದೀರಾ?’ ಅಂದರು. ಇಷ್ಟಕ್ಕಾ ನಾನು ಇಷ್ಟು ವರ್ಷ ಓಡಿದ್ದು ಅನ್ನಿಸಿತು. ನಾನೇ ಬೇಕೆಂದು ಉಗ್ಗಿದರೆ ಬಯಲಾಗುವ ಭಯ ಎಲ್ಲಿಂದ ಬರಬೇಕು? ಆದರೂ ಅದು ಒಂದೇ ಸಲಕ್ಕೆ ಹೋಗುವುದಿಲ್ಲ. ಗಾಡಿ, ಮೆಡಿಕಲ್ ಸ್ಟೋರ್, ಅಪಾರ್ಟ್‌ಮೆಂಟ್ ವಾಚ್‌ಮನ್ ಅಂತ ಮತ್ತೆ ಮತ್ತೆ ಮಾಡಬೇಕು.

ಎರಡನೆಯದು ಅಮೆರಿಕದ ಚಾರ್ಲ್ಸ್ ವ್ಯಾನ್ ರೈಪರ್ ರೂಪಿಸಿದ ವಿಧಾನ. ಅವರಿಗೂ ಉಗ್ಗಿತ್ತು. ಸಿಕ್ಕಿಕೊಂಡ ಪದವನ್ನು ಹೇಗೋ ನೂಕಿ ಮುಂದೆ ಓಡಬಾರದು. ಮುಗಿಸಿ, ಒಂದು ಕ್ಷಣ ನಿಂತು, ಅದೇ ಪದವನ್ನು ಮತ್ತೆ ನಿಧಾನವಾಗಿ, ಒತ್ತಡ ಸಡಿಲಿಸಿ ಹೇಳಬೇಕು. ಅದಕ್ಕೆ ಕ್ಯಾನ್ಸಲೇಷನ್ ಅನ್ನುತ್ತಾರೆ. ಪಳಗಿದ ಮೇಲೆ ಬ್ಲಾಕಿನ ಮಧ್ಯದಲ್ಲೇ ನಾಲಿಗೆಯನ್ನು ಸಡಿಲ ಬಿಟ್ಟು ಹೊರಬರುವುದು ಪುಲ್-ಔಟ್. ಕನ್ನಡಿ ಮುಂದೆ ಸುಲಭ, ಬಸ್ಸಿನಲ್ಲಿ ಅಲ್ಲ.

ಬಸ್ಸಿನಲ್ಲಿ ನಾನು ಕಲಿತಿದ್ದು ಇನ್ನೊಂದು. ‘ಕ’ ಮೇಲೆ ನಿಂತಿದ್ದೆ, ಹಿಂದಿನ ಸೀಟಿನವರೆಲ್ಲ ನೋಡುತ್ತಿದ್ದರು. ಕಂಡಕ್ಟರ್ ಮೆಷೀನ್ ಹಿಡಿದು ‘ಕಡೂರಾ?’ ಅಂದರು. ಪಾಪ, ಒಳ್ಳೆಯ ಮನಸ್ಸು. ತಲೆ ಆಡಿಸಿದ್ದರೆ ಮುಗಿದಿತ್ತು. ಆಡಿಸಲಿಲ್ಲ. ಅವರ ಮುಖ ನೋಡುತ್ತಲೇ ಒತ್ತಿದ ನಾಲಿಗೆ ಬಿಡುವವರೆಗೆ ಕಾದು, ಪೂರ್ತಿ ‘ಕಡೂರು’ ಅಂದೆ. ‘ಅದನ್ನೇ ಅಲ್ವಾ ನಾನೂ ಅಂದಿದ್ದು’ ಅಂತ ಗೊಣಗಿಕೊಂಡು ಟಿಕೆಟ್ ಹರಿದರು. ಬೇರೆಯವರು ಪೂರ್ತಿ ಮಾಡಿಕೊಟ್ಟ ಪದಕ್ಕೆ ತಲೆ ಆಡಿಸುವುದೂ ಬಚ್ಚಿಟ್ಟುಕೊಳ್ಳುವುದೇ. ಈ ಅಭ್ಯಾಸ ಬಿಡುವುದು ಎಲ್ಲಕ್ಕಿಂತ ಕಷ್ಟವಾಯಿತು.

ಟೀಸಾ, ಅಂದರೆ ದಿ ಇಂಡಿಯನ್ ಸ್ಟ್ಯಾಮರಿಂಗ್ ಅಸೋಸಿಯೇಷನ್‌ನ ಸ್ವಸಹಾಯ ಗುಂಪಿನ ಬಗ್ಗೆ ಗೊತ್ತಾಗಿದ್ದೂ ಆಗಲೇ. ಎಲ್ಲರೂ ಉಗ್ಗುವ ಕೋಣೆಯಲ್ಲಿ ಕೂತರೆ ಗಡಿಯಾರ ಬೇರೆ ರೀತಿ ಓಡುತ್ತದೆ. ಒಬ್ಬರು ತಮ್ಮ ಹೆಸರು ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಎಲ್ಲರೂ ಅವರನ್ನೇ ನೋಡುತ್ತಾ ಕಾಯುತ್ತಾರೆ. ಯಾರೂ ಫೋನ್ ತೆಗೆಯುವುದಿಲ್ಲ, ಪದ ಎತ್ತಿ ಕೊಡುವುದಿಲ್ಲ.

ಆಫೀಸಿನಲ್ಲಿ ಟೀಮಿಗೆ ನಾನೇ ಹೇಳಿದೆ: ‘ನನಗೆ ಉಗ್ಗಿದೆ, ಮಧ್ಯೆ ನಿಂತರೆ ನೆಟ್‌ವರ್ಕ್ ಹೋಯ್ತು ಅಂದ್ಕೋಬೇಡಿ.’ ನಕ್ಕರು. ಒಬ್ಬ ಆಮೇಲೆ ಬಂದು, ಅವರಣ್ಣನಿಗೂ ಇದೆ ಅಂದ. ಇನ್ನೊಬ್ಬರು ‘ಉಸಿರು ತಗೊಂಡು ನಿಧಾನಕ್ಕೆ ಮಾತಾಡಿ’ ಅಂತ ಈಗಲೂ ಹೇಳುತ್ತಾರೆ. ಆ ಸಲಹೆ ನಮಗೆ ಹುಟ್ಟಿದಾಗಿನಿಂದ ಸಿಕ್ಕಿದೆ, ದಯವಿಟ್ಟು ಕೊಡಬೇಡಿ.

ಈಗ ನನ್ನ ಉಗ್ಗು ಮೊದಲಿಗಿಂತ ಜಾಸ್ತಿ ಕೇಳಿಸುತ್ತದೆ. ಇದನ್ನು ಮುಂಚೆಯೇ ಯಾರಾದರೂ ಹೇಳಬೇಕಿತ್ತು ಅನ್ನಿಸುತ್ತದೆ, ಯಾಕೆಂದರೆ ಅಮ್ಮ ಅತ್ತೇಬಿಟ್ಟರು. ‘ಚೆನ್ನಾಗೇ ಮಾತಾಡ್ತಿದ್ದೆ, ದುಡ್ಡು ಕೊಟ್ಟು ಜಾಸ್ತಿ ಮಾಡ್ಕೊಂಡು ಬಂದ್ಯಲ್ಲೋ!’ ಚೆನ್ನಾಗಿ ಮಾತಾಡುತ್ತಿರಲಿಲ್ಲ ಕಣಮ್ಮ, ಮಾತೇ ಆಡುತ್ತಿರಲಿಲ್ಲ ಅಂತ ವಿವರಿಸಲು ಒಂದು ಸಂಜೆ ಹಿಡಿಯಿತು. ಪೂರ್ತಿ ಒಪ್ಪಿಲ್ಲ. ಆದರೆ ದಿನಾ ರಾತ್ರಿ ನಾನೇ ಫೋನ್ ಮಾಡುತ್ತೇನಲ್ಲ, ಅದಕ್ಕೆ ಬೈಯುವುದು ಕಮ್ಮಿಯಾಗಿದೆ.

ಎಲ್ಲ ಕಡೆಯೂ ಬಿಟ್ಟಿದ್ದೇನೆ ಅಂತೇನಿಲ್ಲ. ಬ್ಯಾಂಕಿನ ಕಸ್ಟಮರ್ ಕೇರ್‌ನಲ್ಲಿ ‘ನಿಮ್ಮ ಹೆಸರು ಹೇಳಿ’ ಅನ್ನುವ ಯಂತ್ರದ ದನಿ ಇದೆಯಲ್ಲ, ಅದು ನನ್ನ ‘ಕ’ ಹೊರಡುವಷ್ಟರಲ್ಲಿ ‘ಕ್ಷಮಿಸಿ, ಕೇಳಿಸಲಿಲ್ಲ’ ಅಂದು ಕಾಲ್ ಕಟ್ ಮಾಡುತ್ತದೆ. ಕಾಯುವ ತಾಳ್ಮೆ ಇಲ್ಲದ ಯಂತ್ರದ ಮುಂದೆ ಧೈರ್ಯ ತೋರಿಸಿ ಏನು ಪ್ರಯೋಜನ? ಅಲ್ಲಿ ಸುಮ್ನೆ ಗುಂಡಿ ಒತ್ತಿ ಮನುಷ್ಯರ ಲೈನಿಗೆ ಹೋಗುತ್ತೇನೆ. ಅವರು ಹೆಸರು ಕೇಳಿದರೆ ನಿಧಾನವಾಗಿ ಹೇಳುತ್ತೇನೆ, ಅವರು ಕಾಯುತ್ತಾರೆ.