ಬಾಡಿಗೆ ಮನೆ ರಿಪೇರಿ: ಮೊದಲು ಕಾರಣ ಹುಡುಕಿ, ಆಮೇಲೆ ಲೆಕ್ಕ

ಬಾಡಿಗೆದಾರರು ಫೋನ್ ಮಾಡಿ "ಬಾತ್‌ರೂಮ್ ಪಕ್ಕದ ಗೋಡೆ ಒದ್ದೆಯಾಗಿದೆ" ಅಂದ ಕೂಡಲೇ ಮನೆ ಮಾಲೀಕರ ತಲೆಗೆ ಬರುವುದು ಖರ್ಚು. ಅದು ಸಹಜ. ಆದರೆ ಖರ್ಚು ಯಾರದು ಅಂತ ಮೊದಲೇ ವಾದಕ್ಕೆ ಇಳಿದರೆ ಅಷ್ಟು ಹೊತ್ತೂ ನೀರು ಗೋಡೆಗೆ ಇಳಿಯುತ್ತಲೇ ಇರುತ್ತದೆ.

ಮೊದಲ ಕೆಲಸ, ಅಪಾಯ ತಪ್ಪಿಸುವುದು. ಪೈಪ್ ಒಡೆದಿದ್ದರೆ ಮೇನ್ ವಾಲ್ವ್ ಬಂದ್ ಮಾಡಿಸಿ. ಸ್ವಿಚ್ ಬೋರ್ಡ್ ಹತ್ತಿರ ತೇವ ಇದ್ದರೆ ಯಾರೂ ಅದನ್ನು ಮುಟ್ಟಬಾರದು, ಎಲೆಕ್ಟ್ರಿಷಿಯನ್ ಬರಲಿ. ವಾಲ್ವ್ ಎಲ್ಲಿದೆ, ಮೇನ್ ಸ್ವಿಚ್ ಎಲ್ಲಿದೆ ಅಂತ ಕೀಲಿ ಕೊಡುವ ದಿನವೇ ತೋರಿಸಿಬಿಡಿ.

ಎರಡನೆಯದು ಫೋಟೊ. ರಿಪೇರಿ ಶುರುವಾಗುವ ಮುಂಚೆಯೇ ತೆಗೆಯಬೇಕು. ಮನೆಗೆ ವಿಮೆ ಇದ್ದರೆ ಕಂಪನಿಗೂ ಆಗಲೇ ತಿಳಿಸಿ. ಫೋನಿನಲ್ಲಿ ಆದ ಮಾತನ್ನು ಒಂದು ಮೆಸೇಜ್‌ನಲ್ಲಿ ಬರೆದು ಕಳಿಸಿ, ದಾಖಲೆ ಉಳಿಯುತ್ತದೆ.

ಇನ್ನು ಕಾರಣ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೊಡಿ. ಮಳೆ ಬಂದಾಗ ಮಾತ್ರ ಗೋಡೆ ಒದ್ದೆಯಾದರೆ ಚಾವಣಿಯನ್ನೋ ಹೊರಗೋಡೆಯನ್ನೋ ನೋಡಬೇಕು. ಸ್ನಾನ ಆದ ಮೇಲೆ ತೇವ ಏರಿದರೆ ಟೈಲ್ಸ್ ಸಂದಿಯಲ್ಲೋ ನೀರು ಹೋಗುವ ಪೈಪಿನಲ್ಲೋ ಸೋರಿಕೆ ಇರಬಹುದು. ಯಾವಾಗಲೂ ಒದ್ದೆಯಿದ್ದರೆ ಗೋಡೆಯೊಳಗಿನ ನಲ್ಲಿ ಪೈಪಿನ ಮೇಲೆ ಅನುಮಾನ. ನೀರಿನ ಮೀಟರ್ ಇದ್ದರೆ ಎಲ್ಲಾ ನಲ್ಲಿ ನಿಲ್ಲಿಸಿ ಅಂಕಿ ಬರೆದುಕೊಳ್ಳಿ. ಒಂದು ಗಂಟೆ ಯಾರೂ ನೀರು ಬಳಸದೆ ಅಂಕಿ ಮುಂದೆ ಹೋಗಿದ್ದರೆ, ಮೀಟರಿನಿಂದ ಈಚೆಗೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಇದಿಷ್ಟು ಗೊತ್ತಾಗದೆ ಸುಮ್ನೆ ಬಣ್ಣ ಬಳಿಸಿದರೆ ಆ ದುಡ್ಡು ದಂಡ.

ಈಗ ದುಡ್ಡಿನ ಮಾತು. ಕರಾರು ಮತ್ತು ನಿಮ್ಮಲ್ಲಿನ ಬಾಡಿಗೆ ಕಾನೂನು ಎರಡನ್ನೂ ಓದಿ. ಸಾಮಾನ್ಯವಾಗಿ ಚಾವಣಿ, ಗೋಡೆ, ಪೈಪ್, ವೈರಿಂಗ್ ಮಾಲೀಕರದು. ಬಿಸಿಲಿಗೆ ಮಾಸಿದ ಬಣ್ಣ, ಓಡಾಡಿ ಸವೆದ ನೆಲ, ಸಡಿಲವಾದ ಬಾಗಿಲ ಹಿಡಿ ಇವೆಲ್ಲ ಬಳಕೆಯ ಸವಕಳಿ. ಅದಕ್ಕೆ ಬಾಡಿಗೆದಾರರ ಹತ್ತಿರ ಕೇಳುವುದು ನ್ಯಾಯವಲ್ಲ. ಬೀಳಿಸಿ ಒಡೆದ ವಾಷ್ ಬೇಸಿನ್ ಅವರದು. ಆಗಲೂ ವಸ್ತುವಿನ ವಯಸ್ಸು ನೋಡಬೇಕು. ಐದು ವರ್ಷ ಬಾಳುವ ಬಣ್ಣ ನಾಲ್ಕು ವರ್ಷ ಹಳೆಯದಾಗಿದ್ದರೆ, ಗೋಡೆ ಹಾಳು ಮಾಡಿದವರಿಂದ ಪೂರ್ತಿ ಪೇಂಟಿಂಗ್ ಖರ್ಚು ಕೇಳುವುದು ಸರಿಯಲ್ಲ, ಅಲ್ವಾ? ಐದರಲ್ಲಿ ಒಂದು ಪಾಲು ಸಾಕು.

ಒಂದು ವಿಷಯ ಒತ್ತಿ ಹೇಳಬೇಕು. ಸಣ್ಣ ಸೋರಿಕೆಯನ್ನು ಕೂಡಲೇ ತಿಳಿಸಿದವರ ಮೇಲೆ ರೇಗಬೇಡಿ. ಬೈಗುಳಕ್ಕೆ ಹೆದರಿದವರು ಮುಂದಿನ ಸಲ ಮುಚ್ಚಿಡುತ್ತಾರೆ. ಒದ್ದೆ ಗೋಡೆಗೆ ಬೂಷ್ಟು ಹಿಡಿಯಲು ಒಂದೆರಡು ದಿನ ಸಾಕು.

ಕೆಲಸದವರನ್ನು ಕಳಿಸುವ ಮುಂಚೆ ದಿನ, ಸಮಯ ಕೇಳಿ ಕಳಿಸಿ. ಮನೆ ನಿಮ್ಮದೇ ಆದರೂ ಈಗ ಅಲ್ಲಿ ಸಂಸಾರ ಮಾಡುತ್ತಿರುವವರು ಅವರು. ಗೋಡೆ ಪೂರ್ತಿ ಒಣಗಿದ ಮೇಲಷ್ಟೇ ಬಣ್ಣ. ಅಡ್ವಾನ್ಸ್‌ನಲ್ಲಿ ಏನಾದರೂ ಹಿಡಿದುಕೊಳ್ಳುವುದಿದ್ದರೆ ಪ್ರತಿಯೊಂದಕ್ಕೂ ಬಿಲ್, ಫೋಟೊ ಜೊತೆಗಿಟ್ಟು ಲೆಕ್ಕ ಕೊಡಿ.